ಗಣಪತಿ ಚಂದಾಕ್ಕೆ ರಸೀದಿ, ಪಕ್ಷದ ಚಂದಾಕ್ಕೆ ಪರದೆ!

ಗಲ್ಲಿ ಗಣಪತಿಗೆ ಹತ್ತು ರೂಪಾಯಿ ಕೊಟ್ಟವನೂ ರಸೀದಿ ಕೇಳ್ತಾನೆ. ಆದರೆ ದೇಶ ಆಳುವ ಪಕ್ಷಗಳಿಗೆ ಕಂಪನಿಗಳು ಕೋಟಿಗಟ್ಟಲೆ ಸುರಿದಾಗ, ಕೊಟ್ಟವರಾರು ಅಂತ ಮತದಾರ ಕೇಳುವ ಹಾಗಿರಲಿಲ್ಲ. 2018ರಿಂದ 2024ರ ಫೆಬ್ರವರಿವರೆಗೆ ನಡೆದ ಚುನಾವಣಾ ಬಾಂಡಿನ ಮಹಿಮೆ ಇದು.

ಈ ರೋಗ ಹಳೆಯದು. ಪಕ್ಷಕ್ಕೆ ದೇಣಿಗೆ ಕೊಡಲು ಟಾಟಾ ಉಕ್ಕಿನ ಕಂಪನಿ ಅನುಮತಿ ಬೇಡಿದಾಗ, 1957ರಲ್ಲಿ ಮುಂಬಯಿ ಹೈಕೋರ್ಟಿನ ಛಾಗ್ಲಾ ಅವರು ಒಪ್ಪಿದರೂ, ಪ್ರಜಾಪ್ರಭುತ್ವಕ್ಕೆ ಇದರಿಂದ ಕುತ್ತು ಬಂದೀತು ಎಂದು ಎಚ್ಚರಿಸಿದ್ದರು. 1969ರಲ್ಲಿ ಇಂದಿರಾ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧಿಸಿತು. ಹಣ ನಿಂತಿತೇ? ಎಲ್ಲಿ ಬಂತು! ಮುಂಬಾಗಿಲು ಮುಚ್ಚಿತು, ಹಿತ್ತಿಲ ಬಾಗಿಲು ತೆರೆಯಿತು.

1985ರಲ್ಲಿ ನಿಷೇಧ ಹೋಗಿ ಲಾಭದ ಶೇ. 5ರ ಮಿತಿ ಬಂತು. 2013ರಲ್ಲಿ ಅದು ಶೇ. 7.5 ಆಯಿತು. 2017ರಲ್ಲಿ ಮಿತಿಯನ್ನೇ ಕಿತ್ತುಹಾಕಲಾಯಿತು. ನಷ್ಟದಲ್ಲಿ ಮುಳುಗಿದ ಕಂಪನಿಯೂ ಆಗ ದಾನಶೂರ ಕರ್ಣನಾಗಬಹುದಿತ್ತು! ಜೊತೆಗೆ ಬಂದದ್ದೇ ಬಾಂಡು. ಸ್ಟೇಟ್ ಬ್ಯಾಂಕಿನಲ್ಲಿ ಕೊಳ್ಳುವುದು, ಪಕ್ಷಕ್ಕೆ ಕೊಡುವುದು. ಕೊಟ್ಟವರ ಹೆಸರನ್ನು ಪಕ್ಷ ಚುನಾವಣಾ ಆಯೋಗಕ್ಕೂ ಹೇಳಬೇಕಿಲ್ಲ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿತು. ಲೆಕ್ಕ ಕೊಡಲು ಜೂನ್ 30ರವರೆಗೆ ಸಮಯ ಬೇಡಿದ ಬ್ಯಾಂಕಿಗೆ ಛೀಮಾರಿ ಬಿತ್ತು. ಮಾರ್ಚಿನಲ್ಲಿ ಪಟ್ಟಿ ಹೊರಬಂತು. ಮಾರಾಟವಾದ ಬಾಂಡುಗಳ ಮೊತ್ತ ಸುಮಾರು 16,518 ಕೋಟಿ ರೂಪಾಯಿ! ಪಟ್ಟಿಯಲ್ಲಿ ಮೊದಲನೆಯದು ಒಂದು ಲಾಟರಿ ಕಂಪನಿ, 1,368 ಕೋಟಿ. ಎರಡನೆಯದು ಸರ್ಕಾರಿ ಕಾಮಗಾರಿಗಳನ್ನು ಮಾಡುವ ಮೇಘಾ ಇಂಜಿನಿಯರಿಂಗ್, 966 ಕೋಟಿ. ಸಿಂಹಪಾಲು ಬಿಜೆಪಿಗೆ. ತೃಣಮೂಲ, ಕಾಂಗ್ರೆಸ್ಸೂ ಬರಿಗೈಲಿ ಕೂತಿರಲಿಲ್ಲ.

ಇಷ್ಟು ಕೊಟ್ಟವರು ಸುಮ್ಮನೆ ಕೊಟ್ಟರೇ? ತನಿಖಾ ತಂಡ ರಚಿಸಿ ಎಂಬ ಅರ್ಜಿಯನ್ನು ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹೀಗಾಗಿ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು. ಗುತ್ತಿಗೆಯಲ್ಲೋ ಔಷಧದ ಬೆಲೆಯಲ್ಲೋ ಬಡ್ಡಿ ಸಮೇತ ವಸೂಲಾದರೆ, ಕೊನೆಗೆ ತೆರುವವನು ಜನಸಾಮಾನ್ಯನೇ ಅಲ್ವೇ?

ಬಾಂಡು ಹೋಯಿತು, ಹಸಿವು ಹೋಗಿಲ್ಲ. ಅಭ್ಯರ್ಥಿಯ ಖರ್ಚಿಗೆ ಮಿತಿಯುಂಟು, ಪಕ್ಷದ ಖರ್ಚಿಗಿಲ್ಲ. ಈ ತೂತು ಮುಚ್ಚುವ ಮಾತನ್ನು ಯಾವ ದೊಡ್ಡ ಪಕ್ಷ ಗಟ್ಟಿಯಾಗಿ ಆಡುತ್ತೆ? ಓಟು ಕೇಳಲು ಮನೆ ಬಾಗಿಲಿಗೆ ಬಂದವರನ್ನು ಮತದಾರರು ಮೊದಲು ಕೇಳಬೇಕಾದ್ದು ಇದನ್ನೇ.