ಹಳೆಯ ಕಾರ್ವೆಟ್ ಕಾರಿನ ಲೆಕ್ಕ: ದುರಸ್ತಿ ಯಾವುದು, ಸುಧಾರಣೆ ಯಾವುದು?

ಹಳೆಯ ಯಂತ್ರದ ಮೇಲೆ ಹಾಕಿದ ಹಣವೆಲ್ಲವೂ ಅದರ ಬೆಲೆಗೆ ಸೇರುತ್ತದೆ ಎಂಬ ನಂಬಿಕೆ ವ್ಯಾಪಾರಿಗಳಲ್ಲಿಯೂ ಉದ್ಯಮಿಗಳಲ್ಲಿಯೂ ಸಾಮಾನ್ಯ. ಈ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಅಮೆರಿಕದ ಒಂದು ಹವ್ಯಾಸ ಚೆನ್ನಾಗಿ ತೋರಿಸಿಕೊಡುತ್ತದೆ. ಹಳೆಯ ಷೆವ್ರೊಲೆ ಕಾರ್ವೆಟ್ ಕಾರನ್ನು ಮನೆಯ ಗ್ಯಾರೇಜಿನಲ್ಲಿಟ್ಟುಕೊಂಡು, ಬಿಡುವಿನ ದಿನಗಳಲ್ಲಿ ಸ್ವಂತ ಕೈಯಿಂದಲೇ ದುರಸ್ತಿ ಮಾಡಿಕೊಳ್ಳುವವರು ಅಲ್ಲಿ ಬಹಳ ಮಂದಿ. ಅವರಲ್ಲಿ ಹಣ ಉಳಿಸಿಕೊಂಡವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ. ವ್ಯತ್ಯಾಸವಿರುವುದು ಕೈಚಳಕದಲ್ಲಿ ಮಾತ್ರವಲ್ಲ, ಖರ್ಚನ್ನು ವಿಂಗಡಿಸುವ ಕ್ರಮದಲ್ಲಿಯೂ ಇದೆ.

1953ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಜನರಲ್ ಮೋಟಾರ್ಸ್ ಈ ಕಾರನ್ನು ಮೊದಲು ಜನರ ಮುಂದಿಟ್ಟಿತು. ಆ ವರ್ಷ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ತಯಾರಾದವು ಕೇವಲ 300 ಕಾರುಗಳು. ಆರು ಸಿಲಿಂಡರ್, 150 ಅಶ್ವಶಕ್ತಿ, ಫೈಬರ್‌ಗ್ಲಾಸ್ ಮೈ. 1955ರಲ್ಲಿ ವಿ-8 ಎಂಜಿನ್ ಬಂದಿತು. 1968ರಿಂದ 1982ರವರೆಗಿನದು ಮೂರನೆಯ ಪೀಳಿಗೆ. 1979ರ ಮಾದರಿಯೊಂದರಲ್ಲಿಯೇ 53,807 ಕಾರುಗಳು ತಯಾರಾದವು. ಸಂಖ್ಯೆ ಹೆಚ್ಚಿರುವುದರಿಂದ ಮನೆಯಲ್ಲಿ ಕೆಲಸ ಮಾಡಬಯಸುವ ಸಾಮಾನ್ಯ ಹವ್ಯಾಸಿಯ ಕೈಗೆ ಎಟುಕುವುದು ಸಾಮಾನ್ಯವಾಗಿ ಈ ಪೀಳಿಗೆಯ ಕಾರು.

ಹೊರಗೆ ಹೊಳಪು, ಒಳಗೆ ತುಕ್ಕು

ಫೈಬರ್‌ಗ್ಲಾಸ್ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಕೆಳಗಿನ ಚಾಸಿ ಉಕ್ಕಿನದು. ಮುಂಗಾಜಿನ ಸುತ್ತಲಿನ ಚೌಕಟ್ಟೂ ಉಕ್ಕಿನದೇ. ಹವ್ಯಾಸಿಗಳು ಈ ಚೌಕಟ್ಟನ್ನು 'ಹಕ್ಕಿಯ ಪಂಜರ' ಎಂದು ಕರೆಯುತ್ತಾರೆ. ಬಣ್ಣದ ಹೊಳಪನ್ನು ಕಂಡು ಕೊಂಡವನಿಗೆ ಒಳಗಿನ ತುಕ್ಕು ಗೊತ್ತಾಗುವುದು ತಿಂಗಳುಗಳ ನಂತರ. ಆದ್ದರಿಂದ ಬಲ್ಲವರು ಮೊದಲು ನೋಡುವುದು ಕಾರಿನ ಅಡಿಭಾಗವನ್ನು.

ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ ಹರಿಯದು. ಉಕ್ಕಿನ ಮೈಯ ಕಾರುಗಳಂತೆ ಮೈಯನ್ನೇ ಅರ್ಥಿಂಗ್ ಆಗಿ ಬಳಸಲು ಸಾಧ್ಯವಿಲ್ಲದ ಕಾರಣ ದೀಪಗಳಿಗೆ ಪ್ರತ್ಯೇಕ ಅರ್ಥ್ ತಂತಿ ಬೇಕು. ದೀಪ ಮಂಕಾದಾಗ ಅನನುಭವಿಯು ಬಲ್ಬು, ಸ್ವಿಚ್ಚು ಎಲ್ಲವನ್ನೂ ಬದಲಿಸಿ, ಕೊನೆಗೆ ಸಡಿಲವಾದ ತಂತಿಯೊಂದನ್ನು ಬಿಗಿ ಮಾಡುತ್ತಾನೆ. ಮೂರನೆಯ ಪೀಳಿಗೆಯ ಕಾರುಗಳಲ್ಲಿ ಮುಂದೀಪಗಳು ಮೇಲೇಳುವುದು ಎಂಜಿನ್ನಿನ ನಿರ್ವಾತ ಶಕ್ತಿಯಿಂದ. ರಬ್ಬರ್ ಕೊಳವೆಯಲ್ಲಿ ಸಣ್ಣ ಬಿರುಕಾದರೂ ಒಂದು ದೀಪ ಎದ್ದು ಇನ್ನೊಂದು ಮಲಗಿರುತ್ತದೆ. ಕೊಳವೆಗೆ ತಗಲುವ ಹಣ ಅಲ್ಪ. ಬಿರುಕನ್ನು ಹುಡುಕಲು ಬೇಕಾದ ತಾಳ್ಮೆ ದೊಡ್ಡದು.

ಮೊದಲ ಖಾತೆ: ಪ್ರಾಣರಕ್ಷಣೆ

1965ರಿಂದ ಕಾರ್ವೆಟ್‌ನ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿತು. ಬ್ರೇಕ್ ಆಯಿಲ್‌ಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಕಾರು ತಿಂಗಳುಗಟ್ಟಲೆ ನಿಂತಾಗ ಈ ತೇವದಿಂದ ಎರಕದ ಕಬ್ಬಿಣದ ಕ್ಯಾಲಿಪರ್‌ನ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳು ಬೀಳುತ್ತವೆ, ಆಯಿಲ್ ಸೋರುತ್ತದೆ. ಹೊಸ ರಬ್ಬರ್ ಸೀಲ್ ಹಾಕಿದರೂ ಗುಳಿಗಳು ಹಾಗೆಯೇ ಉಳಿಯುವುದರಿಂದ ಸೋರಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಶಾಶ್ವತ ಪರಿಹಾರ ಒದಗಿಸಿದ್ದು ಸಣ್ಣ ಕಾರ್ಯಾಗಾರಗಳು. ಕ್ಯಾಲಿಪರ್ ಅನ್ನು ಬೋರ್ ಮಾಡಿ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತೋಳು ಕೂರಿಸುವುದೇ ಆ ಪರಿಹಾರ. ದೊಡ್ಡ ಕಾರ್ಖಾನೆಯ ದೋಷವೊಂದು ಹೀಗೆ ಸಣ್ಣವರಿಗೆ ಉದ್ಯೋಗವಾಯಿತು.

ಟೈರುಗಳ ವಿಷಯವೂ ಹೀಗೆಯೇ. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಹಳತಾಗುತ್ತದೆ. 2000ದಿಂದ ಅಮೆರಿಕದ ಟೈರುಗಳ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸಲಾಗುತ್ತದೆ. 2319 ಎಂದರೆ 2019ರ 23ನೆಯ ವಾರ. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯ. ಕಾರನ್ನು ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡುಗಳನ್ನು ಕೊಡದೆ, ಕೇವಲ ಜಾಕಿನ ನಂಬಿಕೆಯ ಮೇಲೆ ಅಡಿಗೆ ಇಳಿಯುವುದಂತೂ ಸಲ್ಲದು. ಹಿಂಚಕ್ರಗಳ ಬೇರಿಂಗ್ ಕೂರಿಸಲು ವಿಶೇಷ ಉಪಕರಣಗಳೂ ಅಂಗುಲದ ಸಾವಿರದ ಒಂದಂಶದ ಅಳತೆಯೂ ಬೇಕು. ಆ ಕೆಲಸವನ್ನು ತಜ್ಞರ ಕಾರ್ಯಾಗಾರಕ್ಕೆ ಒಪ್ಪಿಸುವುದೇ ಮಿತವ್ಯಯ. ಈ ಖಾತೆಯ ಖರ್ಚಿನಲ್ಲಿ ಲಾಭ-ನಷ್ಟದ ಪ್ರಶ್ನೆ ಏಳುವುದಿಲ್ಲ.

ಎರಡನೆಯ ಖಾತೆ: ನಿರ್ವಹಣೆ

ಹಳೆಯ ವಿ-8 ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್‌ನ ಉಬ್ಬುಗಳು ಚಪ್ಪಟೆ ಟ್ಯಾಪೆಟ್‌ಗಳನ್ನು ಉಜ್ಜಿಕೊಂಡೇ ತಿರುಗುತ್ತವೆ. ಈ ಉಜ್ಜುವಿಕೆಯಿಂದ ರಕ್ಷಿಸುವುದು ಆಯಿಲ್‌ನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ರಂಜಕವು ಕೆಟಲಿಟಿಕ್ ಕನ್ವರ್ಟರ್‌ಗೆ ಹಾನಿಕರವಾದ್ದರಿಂದ ಹೊಸ ಕಾರುಗಳ ಆಯಿಲ್‌ನಲ್ಲಿ ಅದನ್ನು ತಗ್ಗಿಸಲಾಗಿದೆ. ಹೊಸದು ಎಂಬ ಒಂದೇ ಕಾರಣಕ್ಕೆ ದುಬಾರಿ ಆಯಿಲ್ ಸುರಿದವನು ಎಂಜಿನ್ನನ್ನು ಸವೆಸಿಕೊಳ್ಳಬಹುದು. ಇಂತಹ ಖರ್ಚು ಲೆಕ್ಕಶಾಸ್ತ್ರದ ಭಾಷೆಯಲ್ಲಿ ಕಂದಾಯ ವೆಚ್ಚ: ಅದು ಆಸ್ತಿಯ ಬೆಲೆಯನ್ನು ಹೆಚ್ಚಿಸದು, ಕುಸಿಯದಂತೆ ತಡೆಯುತ್ತದೆ.

ಮೂರನೆಯ ಖಾತೆ: ಸುಧಾರಣೆ

ಎಡವುವವರು ಹೆಚ್ಚಾಗಿ ಇಲ್ಲಿಯೇ. 1975ರ ಕಾರ್ವೆಟ್‌ನ ಮೂಲ ಎಂಜಿನ್ನಿನ ಶಕ್ತಿ ಕೇವಲ 165 ಅಶ್ವಶಕ್ತಿ. ಅದನ್ನು ಕಿತ್ತು ಹೊಸ ಎಂಜಿನ್ ಕೂರಿಸುವ ಆಸೆ ಸಹಜ. ಆದರೆ ಕಾರಿನ ಕ್ರಮಸಂಖ್ಯೆಯ ಅಂಕಿಗಳನ್ನು ಆ ಎಂಜಿನ್ನಿನ ಮೇಲೆ ಕಾರ್ಖಾನೆಯಲ್ಲಿಯೇ ಒತ್ತಲಾಗಿರುತ್ತದೆ, ಎರಡೂ ಹೊಂದಿಕೆಯಾದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. 1974ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯು ಕಾರುಗಳನ್ನು ತೂಗುವುದು ಅವು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಎಷ್ಟು ಹತ್ತಿರವಾಗಿವೆ ಎಂಬ ಮಾನದಂಡದಿಂದ. ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಿದವನು ಆಸ್ತಿಯ ಒಂದು ಭಾಗವನ್ನೇ ಹಾಕಿದಂತೆ.

ಮಾಲೀಕನೊಬ್ಬನು 20,000 ಡಾಲರಿಗೆ ಕೊಂಡ ಕಾರಿಗೆ ಐದು ಗೇರಿನ ಪೆಟ್ಟಿಗೆ, ವಿದ್ಯುನ್ಮಾನ ಇಂಧನ ವ್ಯವಸ್ಥೆ, ಹೊಸ ಚಕ್ರಗಳೆಂದು 15,000 ಡಾಲರ್ ಸುರಿದನೆಂದು ಇಟ್ಟುಕೊಳ್ಳಬಹುದು. ಅವನ ಪುಸ್ತಕದಲ್ಲಿ ಕಾರಿನ ಬೆಲೆ 35,000. ಕೊಳ್ಳುವವನಿಗೆ ಅದು ಇನ್ನೊಬ್ಬರ ರುಚಿಗೆ ತಕ್ಕಂತೆ ಬದಲಾದ ಕಾರು. ಹಾಕಿದ ಹಣ ಪೂರ್ತಿ ಹಿಂದಿರುಗುವುದು ಅಪರೂಪ. ಆ ಮೊತ್ತವನ್ನು ಬಂಡವಾಳವೆಂದು ಬರೆದುಕೊಳ್ಳದೆ, ಸ್ವಂತ ಸಂತೋಷದ ಬೆಲೆಯೆಂದು ಬರೆದುಕೊಳ್ಳುವುದೇ ಪ್ರಾಮಾಣಿಕ ಲೆಕ್ಕ.

ಹೀಗಾಗಿ ವಿವೇಕಿಗಳು ಪಾಲಿಸುವ ನಿಯಮ ಒಂದೇ: ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಪಡೆಯುವಂತಿರಬೇಕು. ಹೊಸ ರಂಧ್ರ ಕೊರೆಯದೆ, ಮೂಲ ತಂತಿ ಕತ್ತರಿಸದೆ ಕೂರಿಸಬಹುದಾದ ಭಾಗಗಳನ್ನಷ್ಟೇ ಅವರು ಆಯ್ದುಕೊಳ್ಳುತ್ತಾರೆ. ಪಾಯಿಂಟ್‌ಗಳ ಬದಲು ವಿದ್ಯುನ್ಮಾನ ಇಗ್ನಿಷನ್ ಇದಕ್ಕೆ ಒಳ್ಳೆಯ ಉದಾಹರಣೆ. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುತ್ತಾರೆ, ಬಿಲ್ಲು ಮತ್ತು ಛಾಯಾಚಿತ್ರಗಳನ್ನು ಕಾದಿಡುತ್ತಾರೆ. ಮೊದಲೇ ಒಪ್ಪಿದ ಬೆಲೆಗೆ ವಿಮೆ ಮಾಡಿಸುವಾಗ ಈ ದಾಖಲೆಗಳೇ ಆಧಾರ. ಕಾನೂನಿನ ದೃಷ್ಟಿಯಿಂದಲೂ ಇದು ಕ್ಷೇಮ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ, 1976ರ ಮಾದರಿಗೆ ಇಲ್ಲ. ಹಿಂದಿನ ಮಾಲೀಕ ಕಿತ್ತೆಸೆದ ಹೊಗೆ ನಿಯಂತ್ರಣ ಭಾಗಗಳನ್ನು ಮುಂದಿನವನು ಹುಡುಕಿ ಕೊಳ್ಳಬೇಕಾಗುತ್ತದೆ.

ಸಣ್ಣ ತಯಾರಕರ ಪಾಲು

ಅರ್ಧ ಶತಮಾನ ದಾಟಿದ ಕಾರಿಗೆ ಇಂದಿಗೂ ಬಾಗಿಲಿನ ರಬ್ಬರ್ ಪಟ್ಟಿಯವರೆಗೆ ಬಿಡಿಭಾಗ ದೊರೆಯುವುದಕ್ಕೆ ಸ್ವತಂತ್ರ ತಯಾರಕರೇ ಕಾರಣ. ಅವರಲ್ಲಿ ಕೆಲವರು ಜನರಲ್ ಮೋಟಾರ್ಸ್‌ನಿಂದ ಪರವಾನಗಿ ಪಡೆದು ಹಳೆಯ ಭಾಗಗಳನ್ನು ಮರುತಯಾರಿಸುತ್ತಾರೆ. ಕಾರಿನ ಶಕ್ತಿ-ವೇಗ ಹೆಚ್ಚಿಸುವ ಭಾಗಗಳ ತಯಾರಕರು 1963ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಇಂದು ಸೆಮಾ ಎಂಬ ಹೆಸರಿನ ಆ ಸಂಘ ಲಾಸ್ ವೇಗಸ್‌ನಲ್ಲಿ ಪ್ರತಿವರ್ಷ ದೊಡ್ಡ ವಾಣಿಜ್ಯ ಪ್ರದರ್ಶನ ನಡೆಸುತ್ತದೆ. ಮೂಲ ತಯಾರಕರು ಕೈಬಿಟ್ಟ ವಸ್ತುವಿಗೂ ಮಾರುಕಟ್ಟೆ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಖರ್ಚನ್ನು ಎಲ್ಲಿ ನಿಲ್ಲಿಸಬೇಕೆಂಬ ಪಾಠವೂ ಕಾರ್ವೆಟ್‌ನ ಚರಿತ್ರೆಯಲ್ಲಿಯೇ ಇದೆ. 2014ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ವಸ್ತುಸಂಗ್ರಹಾಲಯದ ನೆಲ ಕುಸಿದು ಎಂಟು ಕಾರುಗಳು ಗುಂಡಿಗೆ ಬಿದ್ದವು. ಮೂರನ್ನು ಮಾತ್ರ ಸರಿಪಡಿಸಲಾಯಿತು. ಉಳಿದ ಐದನ್ನು ಜಜ್ಜಿಹೋದ ಸ್ಥಿತಿಯಲ್ಲಿಯೇ ಉಳಿಸಿಕೊಳ್ಳಲಾಯಿತು. ಎಲ್ಲವನ್ನೂ ಹೊಸದಾಗಿ ಜೋಡಿಸಿದರೆ ಹಳೆಯ ಕಾರು ಎಂದು ಕರೆಯಲು ಅದರಲ್ಲಿ ಏನು ಉಳಿದೀತು? ಕಾರ್ಖಾನೆಯ ಮೂಲೆಯಲ್ಲಿ ನಿಂತಿರುವ ಹಳೆಯ ಲೇತಿಗೆ ಮುಂದಿನ ಬಾರಿ ಹಣ ಮಂಜೂರು ಮಾಡುವ ಮುನ್ನ, ಆ ಖರ್ಚು ಈ ಮೂರರಲ್ಲಿ ಯಾವ ಖಾತೆಗೆ ಸೇರಿದ್ದು ಎಂದು ಪ್ರತಿಯೊಬ್ಬ ಉದ್ಯಮಿಯೂ ಕೇಳಿಕೊಳ್ಳುವುದು ಲೇಸು.