ಕುದುರೆ ಓಡುವ ಹಾದಿ ಹೇಗಿರಬೇಕು?



ಹೋದ ವರ್ಷ ನಮ್ಮೂರ ಜಾತ್ರೆಯಲ್ಲಿ ಕುದುರೆಗಾಡಿ ಶರ್ಯತ್ತು ನಡೆದದ್ದು ನಿಮಗೆಲ್ಲ ನೆನಪಿದೆ. ಆ ದಿನ ನಮ್ಮ ಕಾಕಾನ ಕುದುರೆಯ ಮುಂಗಾಲು ಹಾದಿಯ ಕುಣಿಯಲ್ಲಿ ಸಿಕ್ಕು ಉಳುಕಿತು. ಎರಡು ತಿಂಗಳು ಅದು ಕುಂಟಿತು. ಜನ "ಕುದುರಿ ನಸೀಬ ಚಲೋ ಇರಲಿಲ್ಲ" ಅಂದರು. ನಮ್ಮ ಅಜ್ಜ ಮಾತ್ರ, "ನಸೀಬ ಅಲ್ಲೋ ತಮ್ಮಾ, ಹಾದಿ ಚಲೋ ಇರಲಿಲ್ಲ" ಅಂದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಿ.ಟಿ. ಸರ್ ಅವರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ರಾಸ್ ಕಂಟ್ರಿ ಅಂದರೆ ನಾವು ಹೊಲದ ಬದುವಿನಲ್ಲಿ ಓಡುವ ಓಟ ಅಂತ ಗೊತ್ತು. ಕುದುರೆಗಳಿಗೂ ಅದು ಇದೆ. ಇವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ ಮೂರು ಭಾಗ. ಮೊದಲು ಸವಾರ ಹೇಳಿದಂತೆ ಶಿಸ್ತಿನಿಂದ ನಡೆಯುವುದು, ಆಮೇಲೆ ಬಯಲಿನಲ್ಲಿ ಮರದ ದಿಮ್ಮಿ, ಹಳ್ಳ, ದಿಬ್ಬ, ನೀರು ದಾಟಿ ಓಡುವುದು, ಕೊನೆಗೆ ಅಂಗಳದಲ್ಲಿ ಕೋಲು ಹಾರುವುದು. ಇದು ಸೈನ್ಯದ ಕುದುರೆಗಳ ಪರೀಕ್ಷೆಯಿಂದ ಹುಟ್ಟಿದ ಆಟ. ೧೯೧೨ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಬಂದಾಗ ಸೈನ್ಯಾಧಿಕಾರಿಗಳಿಗಷ್ಟೇ ಅವಕಾಶ ಇತ್ತು.

ನಮ್ಮ ದೇಶಕ್ಕೂ ಇದರಲ್ಲಿ ಹೆಸರಿದೆ. ೧೯೮೨ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ರಘುಬೀರ್ ಸಿಂಗ್ ಚಿನ್ನ ಗೆದ್ದರು. ೨೦೧೮ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ೨೩ನೇ ಸ್ಥಾನ ಪಡೆದರು. ಎರಡೂ ಕಡೆ ಅವರನ್ನು ಹೊತ್ತದ್ದು ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆ. ಫವಾದ್ ಅವರ ತಂದೆ ಕುದುರೆ ಡಾಕ್ಟರ್! ೧೯೯೬ರಲ್ಲಿ ಶುರುವಾದ ಎಂಬಸಿ ಸವಾರಿ ಶಾಲೆ ಬೆಂಗಳೂರಿನ ಹತ್ತಿರ ಇದೆ. ರಾಷ್ಟ್ರಮಟ್ಟದ ಕಿರಿಯರ ಸ್ಪರ್ಧೆಗಳೂ ಅಲ್ಲಿ ನಡೆದಿವೆ.

ಹಾಗಾದರೆ ದಿನದ ಸವಾರಿಯ ಹಾದಿಯನ್ನು ಮಾನ್ಯತೆ ಇರುವ ಸ್ಪರ್ಧೆಗೆ ತಯಾರು ಮಾಡಲು ಏನು ಬೇಕು? ಇದಕ್ಕೆ ೧೯೨೧ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮಗಳಿವೆ.

೧. ನೆಲ: ಎಲ್ಲಕ್ಕಿಂತ ಮೊದಲು ಇದು. ದೊಡ್ಡ ಕುದುರೆ ಸುಮಾರು ೫೦೦ ಕಿಲೋ ತೂಗುತ್ತದೆ. ಜಿಗಿದು ಇಳಿಯುವಾಗ ಆ ಭಾರ ಮೊದಲು ಮುಂಗಾಲುಗಳ ಮೇಲೆ ಬೀಳುತ್ತದೆ. ನೆಲ ಬಿರುಸಾದರೆ ಮೂಳೆ, ಕೀಲುಗಳಿಗೆ ಪೆಟ್ಟು. ಕೆಸರಾದರೆ ನರ ಎಳೆಯುತ್ತದೆ. ನಮ್ಮ ಕಡೆಯ ನೆಲವನ್ನೇ ನೋಡಿರಿ. ಯಲಬುರ್ಗಾದ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಕಾಲು ಹಿಡಿಯುತ್ತದೆ. ಗಂಗಾವತಿಯ ಗದ್ದೆ ಹೂಳು. ಕುಷ್ಟಗಿ, ಕೊಪ್ಪಳದ ಮಸಾರಿ ನೀರು ಬೇಗ ಬಸಿಯುತ್ತದೆ, ಆದರೆ ಒಣಗಿದರೆ ಗಟ್ಟಿ, ಮೇಲೆ ಕಲ್ಲು. ಆದ್ದರಿಂದ ಸ್ಪರ್ಧೆಯ ಹಾದಿಗೆ ವಾರಗಟ್ಟಲೆ ಮೊದಲೇ ನೀರುಣಿಸಿ, ಹುಲ್ಲು ಬೆಳೆಸಿ, ಮೇಲ್ಮಣ್ಣನ್ನು ಸಡಿಲ ಮಾಡುತ್ತಾರೆ. ಕುದುರೆ ಜಿಗಿಯುವ ಮತ್ತು ಇಳಿಯುವ ಜಾಗಕ್ಕೆ ಮರಳು, ಸಣ್ಣ ಜಲ್ಲಿ ಹಾಕಿ ಗುಂಡಿ ಬೀಳದಂತೆ ಸರಿಪಡಿಸುತ್ತಾರೆ.

೨. ಅಡೆತಡೆ: ಒಂದು ಸ್ಟಾರ್ ಮಟ್ಟದಲ್ಲಿ ಗಟ್ಟಿ ಅಡೆತಡೆ ೧.೦೫ ಮೀಟರ್, ಅತಿ ಮೇಲಿನ ಮಟ್ಟದಲ್ಲಿ ೧.೨೦ ಮೀಟರ್ ಮೀರಬಾರದು. ಅಂಗಳದ ಕೋಲು ತಾಗಿದರೆ ಬೀಳುತ್ತದೆ, ಇಲ್ಲಿಯ ದಿಮ್ಮಿ ಬೀಳುವುದಿಲ್ಲ. ಕುದುರೆಯ ಮುಂಗಾಲು ಬಡಿದರೆ ಅದು ಲಾಗ ಹೊಡೆದು ಸವಾರನ ಮೇಲೆಯೇ ಬೀಳಬಹುದು. ಇದರಿಂದ ಸವಾರರು ಸತ್ತಿದ್ದಾರೆ. ಅದಕ್ಕೇ ಈಗ ಕೆಲವು ದಿಮ್ಮಿಗಳನ್ನು ಮುರಿಯುವ ಪಿನ್ನಿನ ಮೇಲೆ ಕೂರಿಸುತ್ತಾರೆ. ಜೋರಾಗಿ ಬಡಿದರೆ ಪಿನ್ ಮುರಿದು ದಿಮ್ಮಿ ಕೆಳಗೆ ಬೀಳುತ್ತದೆ. ಫ್ಯೂಸ್ ಸುಟ್ಟು ಮನೆ ಉಳಿದ ಹಾಗೆ! ಎತ್ತಿ ಇಡುವ ಅಡೆತಡೆಗಳಾದರೆ ಅಲುಗದಂತೆ ಗೂಟ ಹೊಡೆಯಬೇಕು. ಕಷ್ಟದ ಕಡೆ ಸುತ್ತಿ ಹೋಗುವ ಸುಲಭ ದಾರಿಯನ್ನೂ ಇಟ್ಟಿರುತ್ತಾರೆ. ವೇಳೆ ಹೋಗುತ್ತದೆ, ಜೀವ ಉಳಿಯುತ್ತದೆ.

೩. ನೀರು: ೩೫ ಸೆಂಟಿಮೀಟರಿಗಿಂತ ಆಳ ಇರಬಾರದು, ತಳ ಗಟ್ಟಿಯಾಗಿರಬೇಕು. ಕುದುರೆಗೆ ನೀರಿನ ತಳ ಕಾಣುವುದಿಲ್ಲ. ಸವಾರನನ್ನು ನಂಬಿ ಅದು ಕಾಲಿಡುತ್ತದೆ.

೪. ಗುರುತು ಮತ್ತು ವೇಳೆ: ಪ್ರತಿ ಅಡೆತಡೆಯ ಬಲಕ್ಕೆ ಕೆಂಪು, ಎಡಕ್ಕೆ ಬಿಳಿ ಬಾವುಟ. ನಡುವೆ ಹಾರಬೇಕು. ಹಾದಿಯನ್ನು ಅಳೆದು ವೇಳೆ ಗೊತ್ತು ಮಾಡುತ್ತಾರೆ. ಮೇಲಿನ ಮಟ್ಟದಲ್ಲಿ ನಿಮಿಷಕ್ಕೆ ೫೭೦ ಮೀಟರ್, ಅಂದರೆ ತಾಸಿಗೆ ೩೪ ಕಿಲೋಮೀಟರ್ ಲೆಕ್ಕ. ತಡವಾದರೆ ಸೆಕೆಂಡಿಗೆ ೦.೪ ದಂಡ. ಕುದುರೆ ಒಮ್ಮೆ ಹಾರದೆ ನಿಂತರೆ ೨೦ ದಂಡ.

೫. ಜನ: ಹಾದಿ ಕಟ್ಟಿದವರೇ ಅದನ್ನು ಪಾಸು ಮಾಡುವಂತಿಲ್ಲ. ಬೇರೆ ಅಧಿಕಾರಿ ಬಂದು ಪರೀಕ್ಷಿಸಬೇಕು. ಪ್ರತಿ ಅಡೆತಡೆಗೂ ತೀರ್ಪುಗಾರರು, ಜೊತೆಗೆ ಮನುಷ್ಯರ ಡಾಕ್ಟರ್, ಪಶು ಡಾಕ್ಟರ್, ಆಂಬುಲೆನ್ಸ್ ಬೇಕು. ಕುಂಟುವ ಕುದುರೆಯನ್ನು ಮೊದಲೇ ತಡೆಯುತ್ತಾರೆ. ಬಿದ್ದ ಕುದುರೆ ಆ ಸ್ಪರ್ಧೆಯಲ್ಲಿ ಮತ್ತೆ ಓಡುವಂತಿಲ್ಲ. ಅತಿಯಾಗಿ ಚಾಬೂಕು ಬೀಸಿದರೆ ಸವಾರನಿಗೇ ಶಿಕ್ಷೆ.

ಇಷ್ಟೆಲ್ಲ ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಟೋಕಿಯೋದಲ್ಲಿಯೇ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿನ ಲಿಗಮೆಂಟ್ ಹರಿದು, ಅದಕ್ಕೆ ದಯಾಮರಣ ಕೊಡಬೇಕಾಯಿತು. ಅಷ್ಟು ಜೋಪಾನ ಮಾಡಿದ ಕಡೆಯೇ ಹೀಗಾದರೆ, ಏನೂ ಮಾಡದ ಕಡೆ ಗತಿ ಏನು?

ಗೆಳೆಯರೇ, ಆನೆಗೊಂದಿ ನಮ್ಮ ಗಂಗಾವತಿ ಸೀಮೆಯದೇ. ಹೊಳೆ ದಾಟಿದರೆ ಹಂಪಿ. ವಿಜಯನಗರದ ಅರಸರು ಅರಬರಿಂದ, ಪೋರ್ಚುಗೀಸರಿಂದ ಹಡಗಿನಲ್ಲಿ ಬಂದ ಕುದುರೆಗಳನ್ನು ಭಾರೀ ಬೆಲೆ ಕೊಟ್ಟು ಕೊಳ್ಳುತ್ತಿದ್ದರು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಕುದುರೆಗಳನ್ನು ಇಂದಿಗೂ ಕಾಣಬಹುದು. ಕುದುರೆಯ ಬೆಲೆ ತಿಳಿದ ನಾಡು ನಮ್ಮದು.

ನಮ್ಮ ಜಾತ್ರೆಗೆ ದೊಡ್ಡ ಒಕ್ಕೂಟದ ಮಾನ್ಯತೆ ಬೇಕಿಲ್ಲ. ಆದರೆ ಅವರ ಒಂದು ಪದ್ಧತಿಗೆ ರೊಕ್ಕ ಬೇಡ. ಸ್ಪರ್ಧೆಗೆ ಮೊದಲು ಪ್ರತಿ ಸವಾರನೂ ಪೂರ್ತಿ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬರುತ್ತಾನೆ. ನಾವೂ ಹಾಗೆ ಮಾಡೋಣ. ಜಾತ್ರೆಯ ಹಿಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಪುಟ್ಟಿ, ಸಲಿಕೆ ತಗೊಂಡು ಬರ್ರಿ. ಕಲ್ಲು ಆರಿಸೋಣ, ಕುಣಿ ಮುಚ್ಚೋಣ. ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಲು ಗುರುಗಳು ಹಿರಿಯರಿಗೆ ಹೇಳಬೇಕೆಂದು ವಿನಂತಿ.

ಕಾಕಾನ ಕುದುರೆ ಈಗ ನೆಟ್ಟಗೆ ನಡೆಯುತ್ತದೆ. ಆದರೆ ಆ ಜಾಗ ಬಂದರೆ ಇಂದಿಗೂ ನಿಂತುಬಿಡುತ್ತದೆ. ಅದಕ್ಕೆ ನೆನಪಿದೆ. ನಾವು ಮರೆಯಬಾರದು.

– ೯ನೇ ತರಗತಿಯ ಒಬ್ಬ ವಿದ್ಯಾರ್ಥಿ