ದೀಪಾವಳಿ ಮುಗಿದ ಮೇಲೂ ಉಳಿಯುವ ಕೆಲಸ

ದಸರಾ ಹತ್ತಿರ ಬಂತೆಂದರೆ ನಮ್ಮ ಕಡೆಯ ಬಟ್ಟೆ ಅಂಗಡಿಗಳ ಬಾಗಿಲಲ್ಲಿ ಒಂದು ರಟ್ಟು ತೂಗಾಡುತ್ತದೆ. 'ಕೆಲಸಕ್ಕೆ ಹುಡುಗ, ಹುಡುಗಿಯರು ಬೇಕಾಗಿದ್ದಾರೆ' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಬಲಿಪಾಡ್ಯಮಿ ಕಳೆದು ವಾರವಾಗುವಷ್ಟರಲ್ಲಿ ಆ ರಟ್ಟು ಮಾಯ. ಅದನ್ನು ನೋಡಿ ಕೆಲಸಕ್ಕೆ ಸೇರಿದ ಮಕ್ಕಳಲ್ಲೂ ಬಹಳ ಜನ 'ಯುಗಾದಿಗೆ ಹೇಳಿ ಕಳಿಸ್ತೀವಿ' ಎಂಬ ಮಾತು ಕೇಳಿಸಿಕೊಂಡು ಮನೆಗೆ ಮರಳಿರುತ್ತಾರೆ. ಒಬ್ಬರೋ ಇಬ್ಬರೋ ಮಾತ್ರ ಉಳಿದುಕೊಳ್ಳುತ್ತಾರೆ. ಹಾಗೆ ಉಳಿದವರು ಹೇಗೆ ಉಳಿದರು ಎಂಬುದನ್ನು ಮೊಮ್ಮಕ್ಕಳೂ ಅಜ್ಜ, ಅಜ್ಜಿಯರೂ ಒಟ್ಟಿಗೆ ಕೂತು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳ ಕೌಂಟರಿನಲ್ಲಿ ಕೂತು ನೋಟು ಎಣಿಸಿದ್ದೇನೆ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲ ಒಂದೇ ಮನೆಯವಾದವು. ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು.

ಒಂದೇ ಜಿಲ್ಲೆಯಾದರೂ ನಾಲ್ಕು ಊರುಗಳ ವ್ಯಾಪಾರದ ಹಂಗಾಮು ಬೇರೆ ಬೇರೆ. ಚನ್ನಗಿರಿ ಅಡಿಕೆಯ ಸೀಮೆ. ಮಳೆಗಾಲದ ಕೊನೆಯಲ್ಲಿ ಕೊಯ್ಲು ಶುರುವಾಗಿ, ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ಮಂಡಿಗೆ ಹೋದರೆ ಊರಿನ ಬಟ್ಟೆ, ಬಂಗಾರ, ಪಾತ್ರೆ ಅಂಗಡಿಗಳೆಲ್ಲ ಗಿಜಿಗುಡುತ್ತವೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಭತ್ತದ ದುಡ್ಡು ಕೈಗೆ ಬಂದಾಗ ಮತ್ತು ಮದುವೆಯ ತಿಂಗಳುಗಳಲ್ಲಿ ಇಲ್ಲಿನ ಪೇಟೆಗೆ ಕಳೆ ಬರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರುವರಿ ಮಧ್ಯದಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ದೂರದ ರಾಜ್ಯಗಳಿಂದಲೂ ಬಂಜಾರ ಬಂಧುಗಳು ಬರುತ್ತಾರೆ, ಸಾಲು ಸಾಲು ಅಂಗಡಿಗಳು ಏಳುತ್ತವೆ. ಬಯಲುಸೀಮೆಯ ಜಗಳೂರಿನಲ್ಲಿ ಮುಂಗಾರೇ ಹಬ್ಬ. ಜೂನ್ ತಿಂಗಳಲ್ಲಿ ಮೆಕ್ಕೆಜೋಳದ ಬೀಜ, ಗೊಬ್ಬರದ ಅಂಗಡಿಗಳ ಮುಂದೆ ರೈತರು ಸಾಲು ನಿಲ್ಲುತ್ತಾರೆ. ಈ ಏರಿಳಿತವೆಲ್ಲ ನಮಗೆ ಕೌಂಟರಿನಲ್ಲೇ ಗೊತ್ತಾಗುತ್ತಿತ್ತು. ಹಂಗಾಮಿನಲ್ಲಿ ಚೀಲದಲ್ಲಿ ದುಡ್ಡು ತರುತ್ತಿದ್ದ ಅಂಗಡಿಯವರು ಆಷಾಢದಲ್ಲಿ ಕವರಿನಲ್ಲಿ ತರುತ್ತಿದ್ದರು.

ಹಂಗಾಮಿಗೆ ಸೇರಿದ ಹುಡುಗರನ್ನು ಸಾಹುಕಾರರು ಯಾಕೆ ಬಿಡಿಸಿ ಕಳಿಸುತ್ತಾರೆ? ಅವರೇನು ಕಲ್ಲುಮನಸ್ಸಿನವರಲ್ಲ. ಮಕ್ಕಳೇ, ಪೆನ್ಸಿಲ್ ತಗೊಳ್ಳಿ, ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು.

ಒಂದು ಬಟ್ಟೆ ಅಂಗಡಿಯಲ್ಲಿ ಸಾಧಾರಣ ತಿಂಗಳಲ್ಲಿ 6 ಲಕ್ಷ ರೂಪಾಯಿ ವ್ಯಾಪಾರ ಎನ್ನಿ. ನೂರಕ್ಕೆ 15ರಂತೆ ಉಳಿದರೆ 90 ಸಾವಿರ. ಅದರಲ್ಲಿ ಬಾಡಿಗೆ 15 ಸಾವಿರ, ಕರೆಂಟು ಮತ್ತು ಇತರೆ ಖರ್ಚು 10 ಸಾವಿರ, ಈಗಾಗಲೇ ಇರುವ ಇಬ್ಬರ ಸಂಬಳ 30 ಸಾವಿರ. ಕಳೆದರೆ ಸಾಹುಕಾರರ ಮನೆಗೆ 35 ಸಾವಿರ. ಮೂರನೆಯವರನ್ನು 15 ಸಾವಿರಕ್ಕೆ ಇಟ್ಟುಕೊಂಡರೆ ಅವರ ಪಾಲು 20 ಸಾವಿರಕ್ಕೆ ಇಳಿಯುತ್ತದೆ. ಆ 15 ಸಾವಿರ ಹುಟ್ಟಬೇಕಾದರೆ ತಿಂಗಳಿಗೆ ಇನ್ನೂ 1 ಲಕ್ಷದ ವ್ಯಾಪಾರ ಆಗಬೇಕು. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 3,850 ರೂಪಾಯಿ.

ದೀಪಾವಳಿಯಲ್ಲಿ ಈ ಲೆಕ್ಕ ಯಾರಿಗೂ ಕಾಡುವುದಿಲ್ಲ, ಯಾಕೆಂದರೆ ಗಿರಾಕಿಗಳು ತಾವಾಗಿಯೇ ಬರುತ್ತಾರೆ. ಬೇರೆ ತಿಂಗಳಲ್ಲಿ ಆ 3,850 ಎಲ್ಲಿಂದ ಬರಬೇಕು? ಹಂಗಾಮಿನ ಕೆಲಸ ಕಾಯಂ ಆಗುವುದೂ ಬಿಡುವುದೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. 'ಚೆನ್ನಾಗಿ ದುಡಿದೆ, ಆದರೂ ತೆಗೆದುಹಾಕಿದರು' ಎಂದು ಬೇಸರಿಸುವ ಮಕ್ಕಳು ಹಬ್ಬದಲ್ಲಿ ನಿಜವಾಗಿಯೂ ಚೆನ್ನಾಗಿ ದುಡಿದಿರುತ್ತಾರೆ. ಸಾಹುಕಾರರ ಚಿಂತೆ ಮಾತ್ರ ಹಬ್ಬದಾಚೆಯ ದಿನಗಳದ್ದು.

ಇದಕ್ಕೆ ಉತ್ತರ ಹುಡುಕಿದ ಒಬ್ಬ ಹುಡುಗಿ ನನಗೆ ಗೊತ್ತು. ನ್ಯಾಮತಿ ಕಡೆಯ ಹಳ್ಳಿಯವಳು, ಅಜ್ಜಿಯ ಆಸರೆಯಲ್ಲಿ ಬೆಳೆದವಳು. ಪಿಯುಸಿ ಮುಗಿಸಿ ಹೊನ್ನಾಳಿಯ ಒಂದು ಬಟ್ಟೆ ಅಂಗಡಿಗೆ ಎರಡು ತಿಂಗಳ ಮಟ್ಟಿಗೆ ಸೇರಿದಳು. ಅದು ತಪ್ಪಿದರೆ ಊರಿನ ಇತರ ಹುಡುಗಿಯರಂತೆ ಬೆಂಗಳೂರಿನ ಗಾರ್ಮೆಂಟ್ಸ್ ಹಾದಿ ಹಿಡಿಯಬೇಕಿತ್ತು. ಹೋದರೆ ಕಣ್ಣು ಮಂಜಾದ ಅಜ್ಜಿ ಮನೆಯಲ್ಲಿ ಒಂಟಿ. ಅಜ್ಜಿ ನನಗೆ ಹಳೆಯ ಪರಿಚಯ. ಪಿಂಚಣಿ ದುಡ್ಡು ತೆಗೆಯಲು ಬಂದಾಗಲೆಲ್ಲ ಚೀಟಿ ಬರೆದುಕೊಡುತ್ತಿದ್ದವನು ನಾನೇ.

ಆ ಹುಡುಗಿ ಒಂದು 40 ಪುಟದ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಗಿರಾಕಿ ಏನನ್ನಾದರೂ ಕೇಳಿ, ಅದು ಅಂಗಡಿಯಲ್ಲಿ ಇಲ್ಲದೆ ಬರಿಗೈಲಿ ಹೋದರೆ ಅದನ್ನು ಬರೆದುಕೊಳ್ಳುತ್ತಿದ್ದಳು. ದಿನವಿಡೀ ಹತ್ತಾರು ಸಲ 'ಇಲ್ಲ' ಎನ್ನಬೇಕಾಗುತ್ತಿತ್ತಲ್ಲ, ಆ ಪುಸ್ತಕಕ್ಕೆ ಅವಳು 'ಇಲ್ಲ ಪುಸ್ತಕ' ಎಂದೇ ಹೆಸರಿಟ್ಟಿದ್ದಳು. ದೊಡ್ಡ ಅಳತೆಯ ನೈಟಿ ಇಷ್ಟು ಸಲ, ಸಣ್ಣ ಅಂಚಿನ ಪಂಚೆ ಇಷ್ಟು ಸಲ, ಉಡಿ ತುಂಬಲು ಕಡಿಮೆ ಬೆಲೆಯ ರವಿಕೆ ಕಣ ಇಷ್ಟು ಸಲ, ಶಾಲೆಯ ಬಿಳಿ ಸಮವಸ್ತ್ರ, ಬಾಣಂತಿಯರಿಗೆ ಹತ್ತಿ ಬಟ್ಟೆ, ಹೀಗೆ.

ಹಬ್ಬಕ್ಕೆ ಇನ್ನೂ ಹತ್ತು ದಿನವಿರುವಾಗಲೇ ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಗಲ್ಲಾದ ಹತ್ತಿರ ಹೋದಳು.

"ಅಣ್ಣಾ, ಹಬ್ಬ ಮುಗಿದ ಮೇಲೂ ನಾನು ಇಲ್ಲೇ ಇರಬೇಕು ಅಂತಿದೀನಿ. ಇದನ್ನೊಂದು ಸಲ ನೋಡಿ."

ಸಾಹುಕಾರರು ಕನ್ನಡಕ ಏರಿಸಿ ಪುಟ ತಿರುವಿದರು. ಅವರ ಕಣ್ಣಿಗೆ ಬಿದ್ದದ್ದೇನೆಂದರೆ, ಅದರಲ್ಲಿದ್ದ ಸಾಮಾನೆಲ್ಲ ಹಬ್ಬಕ್ಕೆ ಬೇಕಾದವಲ್ಲ. ವರ್ಷವಿಡೀ ಬೇಕಾದವು. ಆ ಗಿರಾಕಿಗಳೆಲ್ಲ ಎದುರು ಸಾಲಿನ ಅಂಗಡಿಗೆ ಹೋಗುತ್ತಿದ್ದರು. "ಆಯ್ತವ್ವಾ, ಯುಗಾದಿ ತನಕ ನೋಡೋಣ" ಎಂದರು.

ಆ 'ನೋಡೋಣ'ದ ಐದು ತಿಂಗಳು ಅವಳು ಏನು ಮಾಡಿದಳು ಕೇಳಿ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಟಾಕು ಕೆಳಗಿಳಿಸಿ ಧೂಳು ಕೊಡವಿ ಬೆಲೆ ಚೀಟಿ ಅಂಟಿಸಿದಳು. ಉದ್ರಿ ಪುಸ್ತಕ ನೋಡಿ, ಬಾಕಿ ಇದ್ದವರಿಗೆ ಸಾಹುಕಾರರ ಒಪ್ಪಿಗೆ ಪಡೆದು ಮರ್ಯಾದೆಯಿಂದ ಫೋನ್ ಮಾಡಿದಳು. ಮದುವೆ ಮನೆಯವರಿಗೆ ಮುಯ್ಯಿಯ ಬಟ್ಟೆ ಒಟ್ಟಿಗೆ ಒದಗಿಸುವ ಪಟ್ಟಿ ಮಾಡಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ತಿಕ್ಕುತ್ತ ಕೂತಿದ್ದರೆ ಸಾಹುಕಾರರಿಗೆ ನೆನಪಾಗುತ್ತಿದ್ದದ್ದು ಅವಳ ಸಂಬಳ ಮಾತ್ರ. ಈಗ ಅವರಿಗೆ ಅವಳ ಕೆಲಸ ಕಾಣಿಸಿತು.

ಯುಗಾದಿ ಬಂತು, ಹೋಯಿತು. ಅವಳನ್ನು ಯಾರೂ ಹೋಗು ಎನ್ನಲಿಲ್ಲ. ಅಜ್ಜಿ ಒಂದು ದಿನ ನನ್ನನ್ನು ತಡೆದು ಕೇಳಿದರು: "ಬ್ಯಾಂಕಿನ್ ಅಣ್ಣಾರೇ, ನಮ್ಮ ಹುಡುಗೀದು ಈಗ ಪರ್ಮನೆಂಟ್ ಆತೋ ಇಲ್ಲೋ?"

ನಾನು ಕೇಳಿದೆ: "ಕಾಗದದಲ್ಲಿ ಏನಾದ್ರೂ ಬರೆದುಕೊಟ್ಟಿದ್ದಾರಾ ಅಮ್ಮಾ?"

ಇರಲಿಲ್ಲ. ಸಂಬಳ ಕೈಗೆ ನಗದಾಗಿ ಬರುತ್ತಿತ್ತು. ಒಂದು ಚೀಟಿಯೂ ಇರಲಿಲ್ಲ. ಅದನ್ನು ಕಾಯಂ ಎನ್ನಲು ಬರುವುದಿಲ್ಲ. ನಾಳೆ ಸಾಹುಕಾರರ ಮಗ ಗಲ್ಲಾಕ್ಕೆ ಬಂದು ಕೂತು 'ನೀನ್ಯಾರು?' ಎಂದರೆ ತೋರಿಸಲು ಏನೂ ಇಲ್ಲ.

ನಮ್ಮ ರಾಜ್ಯದಲ್ಲಿ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಆದೇಶ ಕೊಡಬೇಕೆಂದು ಅದು ಹೇಳುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇದೆ, ವಾರಕ್ಕೊಂದು ರಜೆ ಇದೆ. ಸತತವಾಗಿ 6 ತಿಂಗಳು ದುಡಿದವರನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದು ತೆಗೆಯುವಾಗಲೂ ಒಂದು ತಿಂಗಳು ಮೊದಲು ತಿಳಿಸಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು.

ಇದನ್ನೆಲ್ಲ ಹೇಳಿದೆನಾದರೂ ಕಾಯ್ದೆಯ ಹೆಸರು ಹಿಡಿದು ಜಗಳಕ್ಕೆ ಹೋಗು ಎನ್ನಲಿಲ್ಲ. ಹುಡುಗಿಗೆ ಅದರ ಅಗತ್ಯವೂ ಬೀಳಲಿಲ್ಲ. ಅವಳು ಕಾಗದ ಕೇಳಿದಾಗ ಸಾಹುಕಾರರ ಮುಖ ಚಿಕ್ಕದಾಯಿತಂತೆ.

"ಯಾಕವ್ವಾ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ ಅಣ್ಣಾ. ನೀವೂ ಗಿರಾಕಿ ಮೇಲೆ ನಂಬಿಕೆ ಇದ್ದೇ ಉದ್ರಿ ಕೊಡ್ತೀರಿ. ಆದ್ರೂ ಬರ್ಕೊಳ್ತೀರಲ್ಲ?"

ಮೂರು ದಿನ ಅವರು ಆ ಮಾತೇ ಎತ್ತಲಿಲ್ಲ. ಆ ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೇಳಬಾರದಿತ್ತೇನೋ ಎಂದು ಅಜ್ಜಿಯ ಪೇಚಾಟ. ನಾಲ್ಕನೆಯ ದಿನ ಅಂಗಡಿಯ ಹೆಸರಿದ್ದ ಕಾಗದದ ಮೇಲೆ ಅರ್ಧ ಪುಟ ಬರೆದು, ಸೀಲು ಒತ್ತಿ ಕೊಟ್ಟರು. ಮರುತಿಂಗಳಿನಿಂದ ಸಂಬಳ ಬ್ಯಾಂಕ್ ಖಾತೆಗೆ. ಹುಡುಗಿ ಆ ಕಾಗದವನ್ನು ಅಜ್ಜಿಯ ಕೈಗಿಟ್ಟಳು. ಅಜ್ಜಿಗೆ ಓದಲು ಬರುವುದಿಲ್ಲ. ಸೀಲಿನ ಮೇಲೆ ಬೆರಳಾಡಿಸಿ ದೇವರ ಗೂಡಿನಲ್ಲಿಟ್ಟರು.

ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಜಗಳೂರಿನಲ್ಲಿ ಗೊಬ್ಬರದ ಅಂಗಡಿಗೆ ಮೂರು ಮುಂಗಾರು ಸತತವಾಗಿ ಹೋದ ಹುಡುಗನೊಬ್ಬನಿದ್ದ. ಸಬ್ಸಿಡಿ ಗೊಬ್ಬರ ಮಾರಲು ಈಗ ಆಧಾರ್ ಪಡೆದು ಯಂತ್ರದಲ್ಲಿ ಬಿಲ್ಲು ಹಾಕಬೇಕು, 2018ರಿಂದ ದೇಶದಲ್ಲೆಲ್ಲ ಹಾಗೇ. ಯಂತ್ರದ ಲೆಕ್ಕವೂ ಗೋದಾಮಿನ ಚೀಲದ ಲೆಕ್ಕವೂ ತಾಳೆಯಾಗಬೇಕು. ಅವನು ಅದನ್ನೆಲ್ಲ ಚೊಕ್ಕವಾಗಿ ಕಲಿತಿದ್ದ. ಆದರೂ ಸಾಹುಕಾರರು, "ನನ್ನ ಅಂಗಡೀಲಿ ಎರಡೇ ತಿಂಗಳು ಕೆಲ್ಸ ಕಣಪ್ಪಾ, ಉಳಿದ ಹತ್ತು ತಿಂಗಳು ನಾನೇ ನೊಣ ಹೊಡೀತೀನಿ" ಎಂದರು. ಅದು ಸುಳ್ಳಲ್ಲ. ಅವರ ಲೆಕ್ಕ ಕೂಡುತ್ತಿರಲಿಲ್ಲ. ಹುಡುಗ ಜಗಳವಾಡದೆ ಮೂರು ವರ್ಷದ ಅನುಭವದ ಪತ್ರ ಬರೆಸಿಕೊಂಡ. ಅದನ್ನು ಹಿಡಿದು, ನೀರಾವರಿಯಿಂದ ಎರಡು ಬೆಳೆ ತೆಗೆಯುವ ಕಡೆಯ ಅಂಗಡಿಗೆ ಹೋದ. ಅಲ್ಲಿ ವರ್ಷವಿಡೀ ಕೆಲಸವಿತ್ತು. ಹಂಗಾಮಿನ ಕೆಲಸ ಆ ಅಂಗಡಿಯಲ್ಲೇ ಕಾಯಂ ಆಗಬೇಕೆಂದೇನಿಲ್ಲ. ಅಲ್ಲಿ ಕಲಿತ ಕಸುಬು ಇನ್ನೊಂದು ಅಂಗಡಿಯಲ್ಲಿ ಅನ್ನ ಕೊಡಬಹುದು, ಅದಕ್ಕೆ ಸಾಕ್ಷಿ ಪತ್ರ ಜೊತೆಗಿದ್ದರೆ.

ನನ್ನ ವಯಸ್ಸಿನವರಿಗೊಂದು ಮಾತು. 'ಸುಮ್ನೆ ಹೋಗ್ತಾ ಇರು, ವರ್ಷ ಕಳೆದಂಗೆ ತಾನೇ ಪರ್ಮನೆಂಟ್ ಆಗುತ್ತೆ' ಎಂದು ಮೊಮ್ಮಕ್ಕಳಿಗೆ ನಾವು ಹೇಳುವುದುಂಟು. ಸರ್ಕಾರಿ ಕಚೇರಿಯಲ್ಲೂ ಅದು ತಾನೇ ಆಗುವುದಿಲ್ಲ. ನಮ್ಮ ರಾಜ್ಯದ ದಿನಗೂಲಿ ನೌಕರರ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ಬಹಳ ಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಖಾಸಗಿ ಅಂಗಡಿಯ ದಾರಿ ಬೇರೆಯಾದರೂ ಪಾಠ ಒಂದೇ. ಬಾಯಿಬಿಟ್ಟು ಕೇಳಬೇಕು, ಕೇಳಿದ್ದು ಕಾಗದಕ್ಕೆ ಇಳಿಯಬೇಕು.

ಕಾಗದದಿಂದ ಏನು ಸಿಗುತ್ತದೆ ಎಂದೂ ತಿಳಿದುಕೊಳ್ಳಿ. ಅಂಗಡಿಯಲ್ಲಿ 10 ಅಥವಾ ಹೆಚ್ಚು ಜನರಿದ್ದು, ಸಂಬಳ ತಿಂಗಳಿಗೆ 21 ಸಾವಿರದೊಳಗಿದ್ದರೆ ಇ.ಎಸ್.ಐ. ಬರುತ್ತದೆ. 15 ಸಾವಿರ ಸಂಬಳವಾದರೆ ನೌಕರನ ಪಾಲು ನೂರಕ್ಕೆ ಮುಕ್ಕಾಲಿನಂತೆ ಸುಮಾರು 113 ರೂಪಾಯಿ, ಮಾಲೀಕರದು ನೂರಕ್ಕೆ ಮೂರೂಕಾಲಿನಂತೆ ಸುಮಾರು 488. ಇದರಿಂದ ನೌಕರನಿಗೂ ಅವನನ್ನು ನಂಬಿದ ಮನೆಯವರಿಗೂ ಚಿಕಿತ್ಸೆ. 20 ಜನರಿದ್ದ ಕಡೆ ಭವಿಷ್ಯನಿಧಿ. 15 ಸಾವಿರಕ್ಕೆ ನೂರಕ್ಕೆ 12ರಂತೆ ನೌಕರನದು 1,800, ಮಾಲೀಕರದೂ ಅಷ್ಟೇ. ಮೂರ‍್ನಾಲ್ಕು ಜನರ ಸಣ್ಣ ಅಂಗಡಿಗೆ ಇವೆರಡೂ ಅನ್ವಯಿಸುವುದಿಲ್ಲ. ಅಲ್ಲಿ ದುಡಿಯುವವರು ಬ್ಯಾಂಕಿನಲ್ಲೇ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಮಾಡಿಸಿಕೊಳ್ಳಬಹುದು. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಜೀವಕ್ಕೆ. ಎರಡಕ್ಕೂ 2 ಲಕ್ಷದವರೆಗೆ ವಿಮೆ.

ಮಕ್ಕಳೇ, 14 ವರ್ಷದೊಳಗಿನವರು ಅಂಗಡಿಯಲ್ಲಿ ದುಡಿಯುವಂತಿಲ್ಲ, ನಿಮ್ಮ ಕೆಲಸ ಓದು. ಆದರೆ ಈ ರಜೆಯಲ್ಲಿ ಅಜ್ಜನ ಜೊತೆ ಬೀದಿಯ ಅಂಗಡಿಗೆ ಹೋದಾಗ ಯಾವುದಕ್ಕೆಲ್ಲ 'ಇಲ್ಲ' ಎಂಬ ಉತ್ತರ ಬಂತು ಎಂದು ನೀವೂ ಬರೆದುಕೊಳ್ಳಿ. ಮನೆಗೆ ಬಂದು ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: 'ನಿಮಗೆ ಮೊದಲ ಕಾಯಂ ಕೆಲಸ ಸಿಕ್ಕಿದ್ದು ಹೇಗೆ? ಆ ಕಾಗದ ಈಗಲೂ ಇದೆಯಾ?' ನನ್ನದು ಬೀರುವಿನಲ್ಲಿದೆ. ಆರು ತಿಂಗಳ ಪ್ರೊಬೇಷನ್ ಮುಗಿದು ಕೆಲಸ ಖಾತ್ರಿಯಾಯಿತೆಂದು ಬಂದ ನಾಲ್ಕು ಸಾಲಿನ ಟೈಪು ಮಾಡಿದ ಪತ್ರ ಅದು. ಆ ಪತ್ರ ಬಂದ ಮೇಲೆಯೇ ನನ್ನ ತಂದೆ ಊರಿನಲ್ಲಿ ಧೈರ್ಯವಾಗಿ ನನಗೆ ಹೆಣ್ಣು ಕೇಳಲು ಹೊರಟದ್ದು.

ಈ ಸಲ ನಿಮ್ಮ ಮನೆಯಿಂದ ಯಾರಾದರೂ ದೀಪಾವಳಿಯ ಕೆಲಸಕ್ಕೆ ಹೊರಟರೆ ಕೈಗೆ ಬುತ್ತಿಯ ಜೊತೆ ಒಂದು 40 ಪುಟದ ನೋಟ್‌ಬುಕ್ಕನ್ನೂ ಕೊಟ್ಟು ಕಳಿಸಿ.